ಭಾಗಿಸುವ ಮುಂಚೆ ಚಿಹ್ನೆ ಕೇಳಿ: ಅಸಮತೆಯಲ್ಲಿ ಬೇಕಾದ ಅಕ್ಷರವನ್ನು ಬಿಡಿಸುವ ಬಗೆ

ಧಾರವಾಡದ ನಮ್ಮ ಮನೆಯ ಪಡಸಾಲೆಗೆ ಸಂಜೆ ಹೊತ್ತು ಏಳೆಂಟು ಮಕ್ಕಳು ಗಣಿತ ಕಲಿಯಲು ಬರುತ್ತಾರೆ. ಹೆಚ್ಚಿನವರು ಪಿಯುಸಿ ಮೊದಲ ವರ್ಷದವರು. ಸಮೀಕರಣ ಕೊಟ್ಟರೆ ಸರಸರ ಬಿಡಿಸುತ್ತಾರೆ. ಅದೇ ಲೆಕ್ಕದಲ್ಲಿ ಸಮ ಚಿಹ್ನೆ ತೆಗೆದು < ಅಥವಾ > ಇಟ್ಟರೆ, ಅಂದರೆ ಅಸಮತೆ ಮಾಡಿದರೆ, ಪೆನ್ನು ನಿಂತುಬಿಡುತ್ತದೆ. ಹೋದ ವರ್ಷ ರೋಣದ ಕಡೆಯ ಒಬ್ಬ ಹುಡುಗಿ ನೇರವಾಗಿ ಕೇಳಿದಳು: “ಸರ್, ಋಣ ಸಂಖ್ಯೆಯಿಂದ ಭಾಗಿಸಿದ್ರ ಚಿಹ್ನೆ ತಿರುಗಸ್ಬೇಕು ಅಂತ ಗೊತ್ತೈತ್ರಿ. ಆದ್ರ ಯಾಕ ತಿರುಗಸ್ಬೇಕ್ರಿ?”

“ಛಲೋ ಕೇಳಿದಿ ನೋಡವಾ” ಅಂದೆ. ಅವಳ ಮನೆಯವರು ಉಳ್ಳಾಗಡ್ಡಿ ಬೆಳೆಯುತ್ತಾರೆ. ಆ ಸಂಜೆ ನಾವಿಬ್ಬರೂ ಕೂತು ಉಳ್ಳಾಗಡ್ಡಿ ಲೆಕ್ಕವನ್ನೇ ಅಸಮತೆಯಾಗಿ ಬರೆದೆವು. ಅವಳಿಗೆ ಕಾರಣ ಅಲ್ಲಿ ಸಿಕ್ಕಿತು. ಆ ಲೆಕ್ಕ ಮುಂದೆ ಬರುತ್ತದೆ. ಅದಕ್ಕೆ ಬೇಕಾದ ತಯಾರಿ ಮೊದಲು ಮಾಡಿಕೊಳ್ಳೋಣ.

ಅಕ್ಷರಗಳ ಬಗ್ಗೆ ಒಂದು ಮಾತು. ಶಾಲೆಯ ಪುಸ್ತಕದಲ್ಲಿ ಎಕ್ಸ್, ವೈ ಇರುತ್ತವೆ. ನಾನು ಇಲ್ಲಿ ಕನ್ನಡ ಅಕ್ಷರಗಳನ್ನೇ ಇಡುತ್ತೇನೆ. ಇದು ಹೊಸದೇನಲ್ಲ. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಗೊತ್ತಿಲ್ಲದ ಮೊದಲ ರಾಶಿಗೆ ‘ಯಾವತ್ತಾವತ್’ ಅಂತ ಹೆಸರಿಟ್ಟು ‘ಯಾ’ ಎಂದು ಬರೆಯುತ್ತಿದ್ದರು. ಎರಡನೆಯದಕ್ಕೆ ಕಾಲಕ, ಅಂದರೆ ಕಪ್ಪು, ಅದಕ್ಕೆ ‘ಕಾ’. ಮೂರನೆಯದಕ್ಕೆ ನೀಲಕ, ಅದಕ್ಕೆ ‘ನೀ’. ಪದದ ಮೊದಲ ಅಕ್ಷರವೇ ರಾಶಿಯ ಗುರುತು. ನಾವೂ ಹಾಗೇ ಮಾಡೋಣ. ದರಕ್ಕೆ ದ, ತೂಕಕ್ಕೆ ತ.

ಚಿಹ್ನೆಗಳು ಇವು. < ಅಂದರೆ ‘ಕಡಿಮೆ’, > ಅಂದರೆ ‘ಜಾಸ್ತಿ’. ಕೆಳಗೆ ಗೆರೆ ಇದ್ದರೆ ‘ಸಮವಾದರೂ ನಡೆಯುತ್ತದೆ’. ಅಂದರೆ ≤ ‘ಹೆಚ್ಚೆಂದರೆ ಇಷ್ಟು’, ≥ ‘ಕನಿಷ್ಠ ಇಷ್ಟು’. ಬಾಯಿ ತೆರೆದ ಕಡೆ ದೊಡ್ಡದು ಇರುತ್ತದೆ. < ಮತ್ತು > ಮೊದಲು ಅಚ್ಚಾಗಿದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಬರೆದ ಪುಸ್ತಕದಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಹತ್ತು ವರ್ಷ ಆಗಿತ್ತು.

ಮೊದಲು ಅಕ್ಷರ ಆರಿಸಿ, ಉಳಿದವನ್ನು ಸಂಖ್ಯೆ ಅಂದುಕೊಳ್ಳಿ

ಗೆಳೆಯರ ಗುಂಪು ಹುಬ್ಬಳ್ಳಿಯ ಒಂದು ಗಾಡಿ ಅಂಗಡಿಗೆ ಹೋಗಿದೆ. ಕೈಯಲ್ಲಿ 600 ರೂಪಾಯಿ. ಗಿರಮಿಟ್ಟು ಪ್ಲೇಟಿಗೆ 40, ಮಿರ್ಚಿ ಪ್ಲೇಟಿಗೆ 30 ಅಂತ ಇಟ್ಟುಕೊಳ್ಳೋಣ. ಗಿರಮಿಟ್ಟಿನ ಪ್ಲೇಟು ಗ, ಮಿರ್ಚಿಯ ಪ್ಲೇಟು ಮ.

40ಗ + 30ಮ ≤ 600

ಇದರಲ್ಲಿ ಎರಡು ಅಕ್ಷರ ಇವೆ. ‘ಬಿಡಿಸಿ’ ಅಂದರೆ ಏನನ್ನು ಬಿಡಿಸಬೇಕು? ಅದನ್ನು ಪ್ರಶ್ನೆ ಹೇಳುತ್ತದೆ. ‘ಇಷ್ಟು ಗಿರಮಿಟ್ಟು ತಗೊಂಡ್ರೆ ಮಿರ್ಚಿ ಎಷ್ಟು ಬರ್ತಾವು?’ ಅಂತ ಕೇಳಿದರೆ ಮ ಬಿಡಿಸಬೇಕು. ನನ್ನ ಮಕ್ಕಳಿಗೆ ನಾನು ಹೇಳುವ ಮೊದಲ ಕೆಲಸ ಇದು: ಬೇಕಾದ ಅಕ್ಷರದ ಕೆಳಗೆ ಗೆರೆ ಎಳೆಯಿರಿ. ಉಳಿದ ಅಕ್ಷರಗಳು ಮುಚ್ಚಿದ ಡಬ್ಬಿಗಳು. ಒಳಗೆ ಯಾವುದೋ ಒಂದು ಸಂಖ್ಯೆ ಇದೆ, ಅದನ್ನು ಈಗ ತೆರೆಯುವುದು ಬೇಡ.

ಮ ಇಲ್ಲದ ಪದವನ್ನು ಆಚೆ ಕಳಿಸಬೇಕು. ಎರಡೂ ಕಡೆಯಿಂದ 40ಗ ಕಳೆಯಿರಿ:

30ಮ ≤ 600 − 40ಗ

ಈಗ ಎರಡೂ ಕಡೆ 30ರಿಂದ ಭಾಗಿಸಿ. 30 ಧನ ಸಂಖ್ಯೆ, ಹಾಗಾಗಿ ಚಿಹ್ನೆ ಇದ್ದ ಹಾಗೇ ಇರುತ್ತದೆ:

ಮ ≤ 20 − (4/3)ಗ

6 ಗಿರಮಿಟ್ಟು ತಗೊಂಡರೆ ಮ ≤ 12. ಒಟ್ಟು 240 + 360 = 600, ಸರಿಯಾಗಿ ಕೂತಿತು. 7 ತಗೊಂಡರೆ ಮ ≤ 10.66, ಅಂದರೆ 10 ಪ್ಲೇಟು.

ಅದೇ ಅಸಮತೆಯನ್ನು ಗ ಕಡೆಯಿಂದ ಬಿಡಿಸಿದರೆ ಗ ≤ 15 − (3/4)ಮ ಬರುತ್ತದೆ. ಎರಡೂ ಒಂದೇ ಮಾತನ್ನು ಹೇಳುತ್ತವೆ. ಯಾರ ಕಡೆಯಿಂದ ಹೇಳುತ್ತಿವೆ ಅನ್ನುವುದಷ್ಟೇ ಬೇರೆ.

ಕೂಡಿದಾಗ, ಕಳೆದಾಗ ಚಿಹ್ನೆ ಯಾಕೆ ತಿರುಗುವುದಿಲ್ಲ? ಅಕ್ಕನ ಹತ್ತಿರ 500, ತಮ್ಮನ ಹತ್ತಿರ 300 ಇದೆ. ಅಜ್ಜಿ ಇಬ್ಬರಿಗೂ ನೂರು ನೂರು ಕೊಟ್ಟರೂ ಅಕ್ಕನದೇ ಜಾಸ್ತಿ. ಇಬ್ಬರಿಂದಲೂ ನೂರು ನೂರು ತೆಗೆದರೂ ಅಕ್ಕನದೇ ಜಾಸ್ತಿ. ಇಬ್ಬರ ನಡುವಿನ ಅಂತರ ಬದಲಾಗಲಿಲ್ಲ, ಅಲ್ವಾ? ಕಳೆಯುವುದು ಸಂಖ್ಯೆಯೇ ಇರಲಿ, 40ಗ ತರಹದ ಡಬ್ಬಿಯೇ ಇರಲಿ, ಇಲ್ಲಿ ಭಯವಿಲ್ಲ. ತೊಂದರೆ ಶುರುವಾಗುವುದು ಗುಣಾಕಾರ, ಭಾಗಾಕಾರದಲ್ಲಿ.

ಋಣ ಅಂದರೆ ಸಾಲ

‘ಧನ’, ‘ಋಣ’ ಅನ್ನುವ ಹೆಸರುಗಳು ಬಹಳ ಹಳೆಯವು. 628ರಲ್ಲಿ ಬ್ರಹ್ಮಗುಪ್ತರು ಈ ಎರಡು ಬಗೆಯ ಸಂಖ್ಯೆಗಳನ್ನು ಕೂಡುವ, ಗುಣಿಸುವ ನಿಯಮಗಳನ್ನು ಬರೆದರು. ಕೈಯಲ್ಲಿರುವ ಹಣ ಧನ, ಕೊಡಬೇಕಾದ ಸಾಲ ಋಣ. ಈ ಮಾತು ನಮ್ಮ ನಾಲಿಗೆಯ ಮೇಲೇ ಇದೆ. ಪುಸ್ತಕ ಬಿಟ್ಟು ಅದರ ಅರ್ಥ ಹಿಡಿದರೆ ಕಾರಣ ತಾನಾಗಿ ಕಾಣುತ್ತದೆ.

ಇಬ್ಬರಲ್ಲಿ ಒಬ್ಬನ ಹತ್ತಿರ 5 ಸಾವಿರ ಇದೆ, ಇನ್ನೊಬ್ಬನ ಹತ್ತಿರ 3 ಸಾವಿರ. ಮೊದಲಿನವನದು ಜಾಸ್ತಿ. ಈಗ ಹಣವನ್ನು ಸಾಲ ಮಾಡಿ. ಒಬ್ಬನ ಮೇಲೆ 5 ಸಾವಿರ ಸಾಲ, ಇನ್ನೊಬ್ಬನ ಮೇಲೆ 3 ಸಾವಿರ ಸಾಲ. ಯಾರ ಸ್ಥಿತಿ ಮೇಲು? 3 ಸಾವಿರದವನದು. 5 > 3, ಆದರೆ −5 < −3. −1 ರಿಂದ ಗುಣಿಸುವುದು ಅಂದರೆ ಹಣವನ್ನು ಸಾಲ ಮಾಡುವುದು. ಸಾಲವಾದ ಕೂಡಲೇ ಮುಂದಿದ್ದವನು ಹಿಂದಾದ.

ಇದು ಬೇರೆಯದೇ ನಿಯಮ ಅಂದುಕೊಳ್ಳಬೇಡಿ. ಕಳೆಯುವ ನಿಯಮದಿಂದಲೇ ಹುಟ್ಟುತ್ತದೆ, ನೋಡಿ. 3 < 5 ತಗೊಳ್ಳಿ. ಎರಡೂ ಕಡೆಯಿಂದ 3 ಕಳೆಯಿರಿ: 0 < 2. ಇನ್ನೂ 5 ಕಳೆಯಿರಿ: −5 < −3. ನಾವು ಬರೀ ಕಳೆದಿದ್ದೇವೆ, ಚಿಹ್ನೆ ಮುಟ್ಟಿಲ್ಲ. ಆದರೂ −5 ಎಡಕ್ಕೆ ಬಂತು, −3 ಬಲಕ್ಕೆ ಹೋಯಿತು. 3 ಮತ್ತು 5 ಜಾಗ ಬದಲಾಯಿಸಿಕೊಂಡವು. ಅವುಗಳನ್ನು ಅದೇ ಜಾಗದಲ್ಲಿ ಇಡಬೇಕು ಅಂದರೆ ಚಿಹ್ನೆ ತಿರುಗಿಸಿ −3 > −5 ಅಂತ ಬರೆಯಬೇಕು. ತಿರುಗುವುದು ಅಂದರೆ ಇಷ್ಟೇ. ಈ ನಾಲ್ಕು ಸಾಲನ್ನು ನಿಮ್ಮ ವಹಿಯಲ್ಲಿ ಕೈಯಾರೆ ಒಮ್ಮೆ ಬರೆದು ನೋಡಿ. ಕಂಠಪಾಠಕ್ಕಿಂತ ಬಹಳ ದಿನ ಉಳಿಯುತ್ತದೆ.

ಒಂದು ಲೆಕ್ಕ: 7 − 2ಅ < 15. 7 ಕಳೆಯಿರಿ: −2ಅ < 8. −2 ರಿಂದ ಭಾಗಿಸಿ, ತಿರುಗಿಸಿ: ಅ > −4.

ತಿರುಗಿಸಲು ಮರೆಯುವ ಭಯ ಇದ್ದರೆ ಇನ್ನೊಂದು ದಾರಿ ಇದೆ. ಅಕ್ಷರ ಎಲ್ಲಿ ಧನವಾಗಿರುತ್ತದೋ ಆ ಕಡೆಗೇ ಅದನ್ನು ಕಳಿಸಿ. ಎರಡೂ ಕಡೆ 2ಅ ಕೂಡಿ: 7 < 15 + 2ಅ. 15 ಕಳೆಯಿರಿ: −8 < 2ಅ. 2 ರಿಂದ ಭಾಗಿಸಿ: −4 < ಅ. ಉತ್ತರ ಅದೇ. ಆದರೆ ಇಲ್ಲಿ ಬೇರೊಂದು ತಪ್ಪು ಕಾದಿರುತ್ತದೆ. −4 < ಅ ಇದನ್ನು ಓದಿ, ಅಕ್ಷರ ಮೊದಲು ಬರೆಯುವ ಅಭ್ಯಾಸಕ್ಕೆ, ಅ < −4 ಅಂತ ಬರೆದುಬಿಡುತ್ತಾರೆ. ಬಾಯಿ ಅ ಕಡೆಗೆ ತೆರೆದಿದೆ, ಅಂದರೆ ಅ ದೊಡ್ಡದು. ಬಲದಿಂದ ಎಡಕ್ಕೆ ಬರೆದರೂ ಬಾಯಿ ಅ ಕಡೆಗೇ ಇರಬೇಕು: ಅ > −4.

ಉಳ್ಳಾಗಡ್ಡಿ ಲೆಕ್ಕ

ಈಗ ರೋಣದ ಹುಡುಗಿಯ ಲೆಕ್ಕಕ್ಕೆ ಬರೋಣ. ಹೊಲದಿಂದ ಉಳ್ಳಾಗಡ್ಡಿ ತುಂಬಿಕೊಂಡು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋಗಬೇಕು. ದ ಅಂದರೆ ಕ್ವಿಂಟಲ್‌ಗೆ ಸಿಗುವ ದರ. ಖ ಅಂದರೆ ಪ್ರತಿ ಕ್ವಿಂಟಲ್‌ಗೆ ಬೀಳುವ ಖರ್ಚು: ಕೀಳುವ, ಹೆಚ್ಚುವ ಕೂಲಿ, ಚೀಲ, ಹಮಾಲಿ. ತ ಅಂದರೆ ಒಯ್ಯುವ ತೂಕ. ಬ ಅಂದರೆ ಗಾಡಿ ಬಾಡಿಗೆ, ತೂಕ ಎಷ್ಟಿದ್ದರೂ ಅದು ಒಂದೇ ಅಂತ ಇಟ್ಟುಕೊಳ್ಳೋಣ. ಉ ಅಂದರೆ ಕೈಯಲ್ಲಿ ಕನಿಷ್ಠ ಉಳಿಯಬೇಕಾದ ಹಣ.

(ದ − ಖ) × ತ − ಬ ≥ ಉ

ಒಂದೇ ಸಾಲು, ಆದರೆ ಅದಕ್ಕೆ ಬೇರೆ ಬೇರೆ ಪ್ರಶ್ನೆ ಕೇಳಬಹುದು. ಅಂಕಿಗಳನ್ನು ಲೆಕ್ಕಕ್ಕಾಗಿ ನಾನೇ ಇಟ್ಟಿದ್ದೇನೆ: ಖ = 450, ಬ = 3,600, ಉ = 24,000.

‘ಗಾಡಿ ಬಾಡಿಗೆ ಎಷ್ಟರವರೆಗೆ ಕೊಡಬಹುದು?’ ಇಲ್ಲಿ ಬ ಬಿಡಿಸಬೇಕು. ಎರಡೂ ಕಡೆ ಬ ಕೂಡಿ, ಉ ಕಳೆದರೆ (ದ − ಖ)ತ − ಉ ≥ ಬ. ಅಂದರೆ

ಬ ≤ (ದ − ಖ)ತ − ಉ

ದರ 1,200, ತೂಕ 40 ಕ್ವಿಂಟಲ್ ಆದರೆ ಬ ≤ 750 × 40 − 24,000 = 6,000. ಗಾಡಿಯವರು ಅದಕ್ಕಿಂತ ಜಾಸ್ತಿ ಕೇಳಿದರೆ ಬೇರೆ ಗಾಡಿ ನೋಡಬೇಕು.

‘ದರ ಕನಿಷ್ಠ ಎಷ್ಟು ಸಿಗಬೇಕು?’ ಈಗ ದ ಬಿಡಿಸಿ. ಮೊದಲು (ದ − ಖ)ತ ≥ ಉ + ಬ. ಇನ್ನು ತ ದಿಂದ ಭಾಗಿಸಬೇಕು. ಇಲ್ಲಿ ನಿಂತು ಕೇಳಿ: ತ ಧನವೇ, ಋಣವೇ, ಸೊನ್ನೆಯೇ? ತೂಕ ಋಣವಾಗುವುದಿಲ್ಲ. ಗಾಡಿ ತುಂಬಿದೆ ಅಂದಮೇಲೆ ಸೊನ್ನೆಯೂ ಅಲ್ಲ. ಹಾಗಾಗಿ ಧೈರ್ಯವಾಗಿ ಭಾಗಿಸಬಹುದು:

ದ ≥ ಖ + (ಉ + ಬ)/ತ

40 ಕ್ವಿಂಟಲ್‌ಗೆ: ದ ≥ 450 + 27,600/40 = 450 + 690 = 1,140.

‘ಎಷ್ಟು ತೂಕ ಒಯ್ಯಬೇಕು?’ ಇದೇ ಇಡೀ ಪಾಠದ ಗಟ್ಟಿ ಭಾಗ. (ದ − ಖ)ತ ≥ ಉ + ಬ ತನಕ ಬಂದೆವು. ಈಗ (ದ − ಖ) ಇಂದ ಭಾಗಿಸಬೇಕು. ಅದು ಧನವೇ? ಗೊತ್ತಿಲ್ಲ! ದರ ಪೇಟೆಯ ಕೈಯಲ್ಲಿದೆ. ಗೊತ್ತಿಲ್ಲದ್ದರಿಂದ ಸುಮ್ನೆ ಭಾಗಿಸುವ ಹಾಗಿಲ್ಲ. ಲೆಕ್ಕವನ್ನು ಮೂರು ದಾರಿಯಾಗಿ ಸೀಳಬೇಕು.

ದರ ಖರ್ಚಿಗಿಂತ ಜಾಸ್ತಿ ಇದ್ದರೆ, ಅಂದರೆ ದ > ಖ ಆದರೆ, ಭಾಜಕ ಧನ. ಚಿಹ್ನೆ ಹಾಗೇ ಇರುತ್ತದೆ: ತ ≥ (ಉ + ಬ)/(ದ − ಖ). ದರ 1,200 ಆದರೆ ತ ≥ 27,600/750 = 36.8 ಕ್ವಿಂಟಲ್. 50 ಕಿಲೋ ಚೀಲದಲ್ಲಿ ಎಣಿಸಿದರೆ 73.6 ಚೀಲ. ಅರ್ಧ ಚೀಲ ಇಲ್ಲ ಅಂದರೆ 74 ಬೇಕು. ‘ಕನಿಷ್ಠ’ ಅನ್ನುವ ಲೆಕ್ಕದಲ್ಲಿ ಮೇಲಿನ ಪೂರ್ಣ ಸಂಖ್ಯೆಗೆ ಹೋಗಬೇಕು.

ದರ ಖರ್ಚಿಗೆ ಸಮವಾದರೆ, ದ = ಖ, ಭಾಗಿಸಲು ಬರುವುದೇ ಇಲ್ಲ. ಸೊನ್ನೆಯಿಂದ ಭಾಗಾಕಾರವಿಲ್ಲ. ಅಸಮತೆ 0 × ತ ≥ 27,600 ಆಗುತ್ತದೆ, ಅಂದರೆ 0 ≥ 27,600. ಸುಳ್ಳು. ಯಾವ ತೂಕವೂ ಉತ್ತರವಲ್ಲ.

ದರ ಖರ್ಚಿಗಿಂತ ಕಡಿಮೆ ಆದರೆ, ದ < ಖ, ಭಾಜಕ ಋಣ. ಚಿಹ್ನೆ ತಿರುಗುತ್ತದೆ: ತ ≤ (ಉ + ಬ)/(ದ − ಖ). ದರ 350 ಅಂತ ಇಡಿ. −100ತ ≥ 27,600, ಆದ್ದರಿಂದ ತ ≤ −276. ತೂಕ ಋಣವಾಗಲು ಸಾಧ್ಯವಿಲ್ಲ, ಹಾಗಾಗಿ ಉತ್ತರವೇ ಇಲ್ಲ. ಎಷ್ಟು ತಂದರೂ ಆ ಹಣ ಕೈಗೆ ಬರುವುದಿಲ್ಲ.

ಈಗ ಚಿಹ್ನೆ ತಿರುಗಿಸಲು ಮರೆತವರ ಉತ್ತರ ನೋಡಿ: ತ ≥ −276. ಎಲ್ಲ ತೂಕವೂ −276ಕ್ಕಿಂತ ಜಾಸ್ತಿಯೇ ಅಲ್ವಾ? ಅಂದರೆ ‘ಎಷ್ಟು ತಂದರೂ 24 ಸಾವಿರ ಉಳಿಯುತ್ತದೆ’ ಅಂತ ಆ ಉತ್ತರ ಹೇಳುತ್ತದೆ. ಕೀಳುವ ಕೂಲಿಯೂ ಹುಟ್ಟದ ದರದಲ್ಲಿ! ಹುಡುಗಿ ಇದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ಅದಕ್ಕ ಸರ್, ದರಾ ಬಿದ್ದಾಗ ನಮ್ಮಪ್ಪಾರು ಕೀಳಸೂದ ಬಿಟ್ಟು ಹೊಲದಾಗ ಹರಗಿಸಿಬಿಟ್ಟಿದ್ರು.” ದರ ಬಿದ್ದ ವರ್ಷ ಕೀಳದೆ ಬಿಟ್ಟ ಬೆಳೆಯನ್ನು ನಮ್ಮ ಕಡೆ ಎಲ್ಲರೂ ಕಂಡಿದ್ದಾರೆ. ಅವಳ ತಂದೆ ದ < ಖ ಅನ್ನುವ ದಾರಿಯನ್ನು ಪೆನ್ನು ಹಿಡಿಯದೆ ಬಿಡಿಸಿದ್ದರು.

ಕೀಳಲೇಬೇಕಾದ ಸಂದರ್ಭವೂ ಇರುತ್ತದೆ. ಹಿಂಗಾರಿ ಕಡಲೆ, ಜೋಳ ಬಿತ್ತಲು ಹೊಲ ಖಾಲಿಯಾಗಬೇಕು. ‘ನಷ್ಟ ಆಗಲಿ, ಆದರೆ 8,600 ದಾಟಬಾರದು’ ಅಂತ ಮನೆಯವರು ನಿರ್ಧಾರ ಮಾಡಿದರು ಅನ್ನಿ. ನಷ್ಟ ಅಂದರೆ ಋಣ, ಆದ್ದರಿಂದ ಉ = −8,600. ದರ 350 ಇರುವಾಗ:

−100ತ − 3,600 ≥ −8,600
−100ತ ≥ −5,000
ತ ≤ 50

50 ಕ್ವಿಂಟಲ್‌ವರೆಗೆ ಒಯ್ಯಬಹುದು, ಅದಕ್ಕಿಂತ ಜಾಸ್ತಿ ಬೇಡ. ತಿರುಗಿಸದೆ ಬಿಟ್ಟಿದ್ದರೆ ‘ಕನಿಷ್ಠ 50 ಒಯ್ಯಿರಿ’ ಅಂತ ಬರುತ್ತಿತ್ತು. ಒಂದು ಸಣ್ಣ ಚಿಹ್ನೆ, ಆದರೆ ಪೂರ್ತಿ ಉಲ್ಟಾ ಸಲಹೆ. ಈ ಲೆಕ್ಕ ಮಾಡಿಸಿದ ಮೇಲೆ ನನ್ನ ಮಕ್ಕಳು ಭಾಗಿಸುವ ಮುಂಚೆ ತಾವಾಗಿ ನಿಲ್ಲಲು ಶುರು ಮಾಡಿದರು.

ಬೇಕಾದ ಅಕ್ಷರ ಎರಡೂ ಕಡೆ ಇದ್ದರೆ

ಕಅ − 4 < 3ಅ + 8. ಇಲ್ಲಿ ಅ ಬಿಡಿಸಬೇಕು, ಕ ಮುಚ್ಚಿದ ಡಬ್ಬಿ. ಅ ಇರುವ ಪದಗಳೆಲ್ಲ ಒಂದು ಕಡೆ, ಉಳಿದವು ಇನ್ನೊಂದು ಕಡೆ: ಕಅ − 3ಅ < 12. ಎಡಗಡೆ ಎರಡು ಪದದಲ್ಲೂ ಅ ಇದೆ. ಅದನ್ನು ಹೊರಗೆ ತೆಗೆಯಿರಿ: (ಕ − 3)ಅ < 12. ಈ ಹೆಜ್ಜೆ ಬಿಟ್ಟರೆ ಲೆಕ್ಕ ಮುಂದೆ ಹೋಗುವುದೇ ಇಲ್ಲ. ‘ಅ = ಅ ಇರುವ ಏನೋ’ ಅಂತ ಬರೆದು ಉತ್ತರ ಬಂತು ಅನ್ನುವವರನ್ನು ನೋಡಿದ್ದೇನೆ. ಬಲಗಡೆ ಅ ಉಳಿದಿದ್ದರೆ ಅದು ಬಿಡಿಸಿದಂತೆ ಅಲ್ಲ.

ಮತ್ತೆ ಅದೇ ಮೂರು ದಾರಿ. ಕ > 3 ಆದರೆ ಅ < 12/(ಕ − 3). ಕ < 3 ಆದರೆ ಅ > 12/(ಕ − 3). ಕ = 3 ಆದರೆ 0 < 12. ಇದು ನಿಜ! ಅಂದರೆ ಅ ಏನೇ ಆದರೂ ಸರಿ. ಉಳ್ಳಾಗಡ್ಡಿ ಲೆಕ್ಕದಲ್ಲಿ ಸೊನ್ನೆಯ ದಾರಿ ಸುಳ್ಳಾಗಿತ್ತು, ಯಾವ ಉತ್ತರವೂ ಇರಲಿಲ್ಲ. ಇಲ್ಲಿ ನಿಜವಾಯಿತು, ಎಲ್ಲವೂ ಉತ್ತರ. ಸೊನ್ನೆಯ ದಾರಿಗೆ ಸಿದ್ಧ ಉತ್ತರವಿಲ್ಲ. ಪ್ರತಿ ಸಲ ಇಟ್ಟು ನೋಡಬೇಕು.

ಅಕ್ಷರ ಛೇದದಲ್ಲಿ ಕೂತಾಗ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. 40 ನಿಮಿಷದೊಳಗೆ ಮುಟ್ಟಬೇಕಾದರೆ ಸರಾಸರಿ ವೇಗ ವ ಎಷ್ಟಿರಬೇಕು? 40 ನಿಮಿಷ ಅಂದರೆ 2/3 ಗಂಟೆ.

20/ವ ≤ 2/3

ಓಡುವ ಬಸ್ಸಿನ ವೇಗ ಧನ. ಹಾಗಾಗಿ ಎರಡೂ ಕಡೆ ವ ದಿಂದ ಗುಣಿಸಬಹುದು: 20 ≤ (2/3)ವ, ವ ≥ 30. ಈ ಎರಡು ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕೂತು ಗಡಿಯಾರ ನೋಡುತ್ತ ಈ ಲೆಕ್ಕ ಮಾಡಬಹುದು.

ಆದರೆ ಬರೀ 12/ಅ > 3 ಅಂತ ಕೊಟ್ಟರೆ ಬಸ್ಸೂ ಇಲ್ಲ, ಉಳ್ಳಾಗಡ್ಡಿಯೂ ಇಲ್ಲ. ಅ ಧನವೋ ಋಣವೋ ಯಾರೂ ಹೇಳಿಲ್ಲ. ಅವಸರದಲ್ಲಿ 12 > 3ಅ, ಅ < 4 ಅಂತ ಬರೆದುಬಿಡುತ್ತಾರೆ. ಅ = −2 ಇಟ್ಟು ನೋಡಿ. −2 ನಾಲ್ಕಕ್ಕಿಂತ ಕಡಿಮೆಯೇ. ಆದರೆ 12/(−2) = −6, ಅದು 3ಕ್ಕಿಂತ ಜಾಸ್ತಿ ಅಲ್ಲ. ತಪ್ಪಾಯಿತು.

ಸರಿಯಾದ ದಾರಿ: ಅ > 0 ಆದರೆ 12 > 3ಅ, ಆಗ ಅ < 4. ಎರಡನ್ನೂ ಸೇರಿಸಿದರೆ 0 < ಅ < 4. ಅ < 0 ಆದರೆ ಚಿಹ್ನೆ ತಿರುಗಿ 12 < 3ಅ, ಆಗ ಅ > 4. ಸೊನ್ನೆಗಿಂತ ಕಡಿಮೆಯೂ ನಾಲ್ಕಕ್ಕಿಂತ ಜಾಸ್ತಿಯೂ ಆದ ಸಂಖ್ಯೆ ಇಲ್ಲ. ಆ ದಾರಿ ಅಲ್ಲೇ ಮುಚ್ಚಿತು. ಅ = 0 ಆಗುವಂತೆಯೇ ಇಲ್ಲ. ಉತ್ತರ 0 < ಅ < 4.

ಚಿಹ್ನೆ ಬದಲಿಸಿ 12/ಅ < 3 ಅಂತ ಕೊಟ್ಟರೆ ಉತ್ತರ ಎರಡು ತುಂಡಾಗುತ್ತದೆ: ಅ < 0 ಅಥವಾ ಅ > 4. ಅವಸರದವರಿಗೆ ಬರೀ ಎರಡನೇ ತುಂಡು ಸಿಗುತ್ತದೆ, ಋಣ ಸಂಖ್ಯೆಗಳೆಲ್ಲ ಕೈಬಿಟ್ಟು ಹೋಗುತ್ತವೆ.

ಎರಡು ಬೇಲಿಗಳ ನಡುವೆ

−5 ≤ 3 − 2ಅ < 9 ತರಹದ ಲೆಕ್ಕ ನೋಡಲು ಕಷ್ಟ, ಮಾಡಲು ಸುಲಭ. ಮೂರೂ ಭಾಗಕ್ಕೂ ಒಂದೇ ಕೆಲಸ ಮಾಡಿ. 3 ಕಳೆಯಿರಿ: −8 ≤ −2ಅ < 6. −2 ರಿಂದ ಭಾಗಿಸಿ, ಎರಡೂ ಚಿಹ್ನೆ ತಿರುಗಿಸಿ: 4 ≥ ಅ > −3. ಸಣ್ಣದು ಎಡಕ್ಕೆ ಬರುವ ಹಾಗೆ ಬರೆಯಿರಿ: −3 < ಅ ≤ 4. ಗೆರೆ ಇದ್ದ ಚಿಹ್ನೆ 4ರ ಜೊತೆಗಿತ್ತು, ಈಗಲೂ 4ರ ಜೊತೆಗೇ ಇದೆ. ಸಂಖ್ಯಾ ರೇಖೆಯಲ್ಲಿ 4ರ ಮೇಲೆ ತುಂಬಿದ ಚುಕ್ಕೆ, −3ರ ಮೇಲೆ ಖಾಲಿ ವೃತ್ತ.

ವರ್ಗ ಬಂದರೆ

ಅ² < 16 ಅಂದರೆ ಅ < 4 ಅಷ್ಟೇ ಅಲ್ಲ. −7 ನಾಲ್ಕಕ್ಕಿಂತ ಕಡಿಮೆ, ಆದರೆ ಅದರ ವರ್ಗ 49. ಉತ್ತರ −4 < ಅ < 4. ಅ² > 16 ಆದರೆ ಅ < −4 ಅಥವಾ ಅ > 4. ಅ ಅನ್ನುವುದು ಚೌಕ ಕಣದ ಬದಿಯ ಉದ್ದವಾಗಿದ್ದರೆ ಋಣ ಭಾಗ ತಾನಾಗಿ ಬಿಟ್ಟುಹೋಗುತ್ತದೆ.

ಬಲಗಡೆ ಋಣ ಸಂಖ್ಯೆ ಇದ್ದರೆ ವರ್ಗಮೂಲ ತೆಗೆಯಲು ಹೋಗಬೇಡಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ನಮ್ಮ ನಾಡಿನ ಮಹಾವೀರಾಚಾರ್ಯರು ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದು ಬರೆದಿದ್ದಾರೆ. ನಾವಿಲ್ಲಿ ಬಳಸುವ ವಾಸ್ತವ ಸಂಖ್ಯೆಗಳಿಗೆ ಅದು ಇವತ್ತಿಗೂ ನಿಜ. ಆದ್ದರಿಂದ ಅ² < −9 ಕ್ಕೆ ಉತ್ತರವೇ ಇಲ್ಲ, ಅ² > −9 ಕ್ಕೆ ಎಲ್ಲ ಸಂಖ್ಯೆಯೂ ಉತ್ತರ.

ಪ್ಲಾಟ್‌ಫಾರ್ಮ್ ಮೇಲೆ ಎಷ್ಟು ಡಬ್ಬಿ?

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಉದ್ದದ್ದು. ರೈಲಿನ ಒಂದು ಡಬ್ಬಿ 24 ಮೀಟರ್, ಎಂಜಿನ್ 20 ಮೀಟರ್ ಅಂತ ಹಿಡಿಯೋಣ. ಡ ಡಬ್ಬಿಗಳ ಗಾಡಿ ಪೂರ್ತಿ ಒಳಗೆ ನಿಲ್ಲಬೇಕು:

24ಡ + 20 ≤ 1,507
ಡ ≤ 1,487/24 = 61.96 (ಸುಮಾರು)

ಶಾಲೆಯ ಅಭ್ಯಾಸದಂತೆ 61.96 ಅನ್ನು 62 ಮಾಡುವ ಆಸೆ ಆಗುತ್ತದೆ. 62 ಇಟ್ಟು ನೋಡಿ: 1,488 + 20 = 1,508. ಒಂದೇ ಒಂದು ಮೀಟರ್ ಹೊರಗೆ! ‘ಹೆಚ್ಚೆಂದರೆ’ ಅನ್ನುವ ಲೆಕ್ಕದಲ್ಲಿ ದಶಾಂಶ ಎಷ್ಟೇ ದೊಡ್ಡದಿರಲಿ, ಕೆಳಗಿನ ಪೂರ್ಣ ಸಂಖ್ಯೆಗೇ ಇಳಿಯಬೇಕು. ಉತ್ತರ 61. ಚೀಲದ ಲೆಕ್ಕದಲ್ಲಿ ಮೇಲೆ ಹೋದೆವು, ಇಲ್ಲಿ ಕೆಳಗೆ ಇಳಿದೆವು.

ತಾಳೆ ನೋಡುವುದು

ಸಮೀಕರಣದಲ್ಲಿ ಉತ್ತರವನ್ನು ಒಮ್ಮೆ ಇಟ್ಟು ನೋಡಿದರೆ ಸಾಕು. ಅಸಮತೆಗೆ ಮೂರು ಸಂಖ್ಯೆ ಬೇಕು. ಗಡಿಯ ಮೇಲಿನದು ಒಂದು, ಒಳಗಿನದು ಒಂದು, ಹೊರಗಿನದು ಒಂದು. 7 − 2ಅ < 15 ಕ್ಕೆ ಅ > −4 ಬಂದಿತ್ತು. −4 ಇಟ್ಟರೆ 15, ಎರಡೂ ಕಡೆ ಸಮ, ಗಡಿ ಸರಿಯಾಗಿದೆ. 0 ಇಟ್ಟರೆ 7 < 15, ನಿಜ. −5 ಇಟ್ಟರೆ 17 < 15, ಸುಳ್ಳು, ಹಾಗೇ ಆಗಬೇಕಿತ್ತು. ಬರೀ ಗಡಿ ನೋಡಿದರೆ ಚಿಹ್ನೆಯ ತಪ್ಪು ಸಿಗುವುದಿಲ್ಲ. ಅದು ಸಿಗುವುದು ಒಳಗಿನ, ಹೊರಗಿನ ಸಂಖ್ಯೆ ಇಟ್ಟಾಗಲೇ. ಬಹಳ ಅಕ್ಷರ ಇದ್ದರೆ ಉಳಿದ ಅಕ್ಷರಗಳಿಗೆ 2, 5 ತರಹದ ಸಣ್ಣ ಸಂಖ್ಯೆ ಕೊಟ್ಟು ಹೀಗೇ ನೋಡಿ. ದಾರಿ ಸೀಳಿದ್ದರೆ ಪ್ರತಿ ದಾರಿಗೂ ಬೇರೆ ಬೇರೆ ಸಂಖ್ಯೆ ಬೇಕು.

ನೀವೇ ಮಾಡಲು ನಾಲ್ಕು

ಉತ್ತರ ಕೆಳಗಿದೆ, ಮೊದಲು ಕೈಯಿಂದ ಮುಚ್ಚಿಕೊಂಡು ಮಾಡಿ.

ಒಂದು: 4 − 3ಅ ≥ 19, ಅ ಬಿಡಿಸಿ.
ಎರಡು: 2ಪ − 5ಫ < 10, ಫ ಬಿಡಿಸಿ.
ಮೂರು: 40,000 ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ 9ರಂತೆ ಸರಳ ಬಡ್ಡಿ. ಬಡ್ಡಿ 9,000 ದಾಟಬಾರದು. ಎಷ್ಟು ವರ್ಷದೊಳಗೆ ತೀರಿಸಬೇಕು?
ನಾಲ್ಕು: ನಅ + 5 > 2ನ + ಅ, ಅ ಬಿಡಿಸಿ.

ಮೊದಲನೆಯದು −3ಅ ≥ 15, ಅ ≤ −5. ಎರಡನೆಯದರಲ್ಲಿ −5ಫ < 10 − 2ಪ, ತಿರುಗಿಸಿದರೆ ಫ > (2ಪ − 10)/5. ಮೇಲಿನ ಪದಗಳ ಚಿಹ್ನೆಯೂ ಬದಲಾಗಿದೆ, ನೋಡಿಕೊಳ್ಳಿ. ಮೂರನೆಯದು ವರ್ಷಕ್ಕೆ 3,600 ಬಡ್ಡಿ, ಕಾಲ ಕ ಆದರೆ 3,600ಕ ≤ 9,000, ಕ ≤ 2.5, ಎರಡೂವರೆ ವರ್ಷ. ನಾಲ್ಕನೆಯದರಲ್ಲಿ ಅ ಹೊರಗೆ ತೆಗೆದರೆ (ನ − 1)ಅ > 2ನ − 5. ನ > 1 ಆದರೆ ಅ > (2ನ − 5)/(ನ − 1). ನ < 1 ಆದರೆ ಅ < (2ನ − 5)/(ನ − 1). ನ = 1 ಆದರೆ ಮೊದಲ ಸಾಲಿಗೇ ವಾಪಸ್ ಹೋಗಿ ನೋಡಿ: ಅ + 5 > 2 + ಅ, ಅಂದರೆ 5 > 2. ಅ ಏನೇ ಇದ್ದರೂ ಸರಿ.